ಏಳನೇ ಕ್ಲಾಸ್ ಮುಗಿಸಿದ ಹುಡುಗಿಗೆ ಮಾವ ಏನು ಕೊಡಬೇಕು?

ಪ್ರಶ್ನೆ: ಮೇಡಂ, ನಮ್ಮ ಅಕ್ಕನ ಮಗಳು ಈ ಸಲ ಏಳನೇ ಕ್ಲಾಸ್ ಮುಗಿಸಿದಳು. ಅವರದು ಶಿರಾ ಪಕ್ಕದ ಹಳ್ಳಿ. ಅಲ್ಲಿನ ಸರ್ಕಾರಿ ಶಾಲೆ ಇರುವುದೇ ಏಳನೇವರೆಗೆ. ಜೂನ್‌ನಿಂದ ನಾಲ್ಕು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಹೋಗಬೇಕು. ನಾನು ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದೇನೆ. 4,000 ರೂಪಾಯಿ ಎತ್ತಿಟ್ಟಿದ್ದೇನೆ. ಅವಳು ಮೊಬೈಲ್ ಕೇಳುತ್ತಾಳೆ. ಅಕ್ಕ ಬೆಳ್ಳಿ ಕಾಲುಚೈನು ಕೊಡಿಸು ಅನ್ನುತ್ತಾಳೆ. ನನಗೆ ವಾಚು ಚೆನ್ನ ಅನಿಸುತ್ತದೆ. ನೀವೇನು ಹೇಳುತ್ತೀರಿ?
– ಒಬ್ಬ ಸೋದರಮಾವ, ಬೆಂಗಳೂರು

ಉತ್ತರ: ವಾಚು ಅಂದಿರಲ್ಲ, ತುಮಕೂರಿನವಳಾದ ನನಗೆ ಖುಷಿಯಾಯಿತು. ನಮ್ಮೂರಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ನಡೆಯುತ್ತಿದ್ದ ಕಾಲಕ್ಕೆ ಪಾಸಾದ ಮಕ್ಕಳ ಕೈಗೆ ವಾಚು ಕಟ್ಟುವುದು ಮಾವಂದಿರ ಪಾಲಿನ ಕೆಲಸವಾಗಿತ್ತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನವಾಯಿತು. ಆ ಜಾಗ ಇಸ್ರೋ ಕೈಗೆ ಹೋಯಿತು. ವಾಚು ಕೊಡಬೇಡಿ ಅನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಬೇಕಾದದ್ದು ಬೇರೆ ಇದೆ.

ಕೊಟ್ಟ ವಸ್ತು ಒಂದು ತಿಂಗಳಾದ ಮೇಲೆ ಯಾರ ಕೈಯಲ್ಲಿರುತ್ತದೆ, ಅದನ್ನು ಯೋಚಿಸಿ. ಮೊಬೈಲ್ ಅಂದರೆ ಮನೆಮಂದಿಗೆಲ್ಲ ಒಂದು ಮೊಬೈಲ್. ಸಂಜೆ ತಮ್ಮನಿಗೆ ಗೇಮು, ರಾತ್ರಿ ನಿಮ್ಮ ಭಾವನಿಗೆ ವಿಡಿಯೊ. ರೀಚಾರ್ಜ್ ಮಾತ್ರ ನಿಮಗೇ! ಕಾಲುಚೈನು ಹಬ್ಬದ ಮಾರನೇ ದಿನ ಬೀರು ಸೇರುತ್ತದೆ. ಅಕ್ಕನ ಆಸೆ ತಪ್ಪಲ್ಲ, ಮುಂದೆ ಎಂದಾದರೂ ಕೊಡಿಸಿದರಾಯಿತು.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಎಂಟನೇ ಕ್ಲಾಸಿಗೆ ಜೂನ್‌ನಲ್ಲಿ ಸೇರಿ ದಸರಾ ರಜೆ ಹೊತ್ತಿಗೆ ಹಿಂದಿನ ಬೆಂಚಿನಿಂದ ಕಾಣೆಯಾಗುವ ಹುಡುಗಿಯರನ್ನು ನೋಡಿದ್ದೇನೆ. ಮನೆಯವರನ್ನು ಕೇಳಿದರೆ ಮಾರ್ಕ್ಸಿನ ಮಾತೇ ಬರುವುದಿಲ್ಲ. 'ದೂರ ಆಯ್ತು ಮಿಸ್, ಕತ್ತಲಾಗುತ್ತೆ' ಅಷ್ಟೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸೇನೋ ಹೆಣ್ಣುಮಕ್ಕಳಿಗೆ ಪುಕ್ಕಟೆ. ಸ್ಪೆಷಲ್ ಕ್ಲಾಸು ಬಿಡುವ ಹೊತ್ತಿಗೆ ಬಸ್ಸು ಬರಬೇಕಲ್ಲ? ಪ್ರೈವೇಟ್ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಸೈಕಲ್ ಕೊಡಿಸಿ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ಕ್ಲಾಸಿನವರಿಗೆ ಸರ್ಕಾರವೇ 2006-07ರಿಂದ ಸೈಕಲ್ ಕೊಡುತ್ತಿತ್ತು. ಕೋವಿಡ್ ಹೊತ್ತಿನಲ್ಲಿ ಅದು ನಿಂತಿತು. ಆ ಸೈಕಲ್ ಬರುತ್ತಿದ್ದ ವರ್ಷಗಳಲ್ಲಿ ನಮ್ಮ ಶಾಲೆಯ ಬೇವಿನ ಮರದ ಕೆಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೆಲ್ಲು ಹೊಡೆದೂ ಹೊಡೆದೂ ನಮ್ಮ ಹೆಡ್‌ಮಾಸ್ಟರಿಗೆ ತಲೆನೋವು ಬರಿಸುತ್ತಿದ್ದರು.

ನೀವೊಬ್ಬರೇ ಅಂಗಡಿಗೆ ಹೋಗಿ ತರಬೇಡಿ. ಸರ್‌ಪ್ರೈಸ್ ಎಲ್ಲ ಕೇಕಿಗೆ ಸರಿ, ಸೈಕಲ್ಲಿಗಲ್ಲ. ಅವಳನ್ನೇ ಶಿರಾಕ್ಕೆ ಕರೆದುಕೊಂಡು ಹೋಗಿ ಸೀಟಿನ ಮೇಲೆ ಕೂರಿಸಿ. ಎರಡೂ ಕಾಲಿನ ಬೆರಳು ನೆಲಕ್ಕೆ ತಾಗಬೇಕು. ಈ ವಯಸ್ಸಿನಲ್ಲಿ ಬೇಗ ಉದ್ದ ಆಗುತ್ತಾರೆ. ತೀರಾ ಗಿಡ್ಡ ಇಲ್ಲದಿದ್ದರೆ 26 ಇಂಚಿನ ಚಕ್ರದ್ದೇ ತೆಗೆದುಕೊಂಡು ಸೀಟು ಇಳಿಸಿಕೊಡಿ. 24 ಇಂಚಿನದು ಹತ್ತನೇ ಕ್ಲಾಸಿಗೆ ಚಿಕ್ಕದಾಗಬಹುದು. ಲೇಡೀಸ್ ಸೈಕಲ್ಲೇ ಇರಲಿ. ಚೈನ್ ಕವರ್ ಪೂರ್ತಿ ಮುಚ್ಚಿದೆಯಾ ನೋಡಿ, ಇಲ್ಲದಿದ್ದರೆ ಚೂಡಿದಾರದ ಪ್ಯಾಂಟು ಚೈನಿಗೆ ಸಿಕ್ಕಿ ಹರಿಯುತ್ತದೆ. ಬ್ಯಾಗಿಡಲು ಗಟ್ಟಿ ಕ್ಯಾರಿಯರ್, ಮಡ್‌ಗಾರ್ಡ್, ಒಂದು ಬೀಗ. ಗೇರ್ ಸೈಕಲ್ ಮಾತ್ರ ಬೇಡವೇ ಬೇಡ. ಪಂಕ್ಚರ್ ಹಾಕುವವನ ಹತ್ತಿರ ಅದರ ಸಾಮಾನು ಇರುವುದಿಲ್ಲ. ಆಮೇಲೆ ಅದು ಹಸುವಿನ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ.

4,000 ಸಾಲುವುದಿಲ್ಲ, ನಿಜ. ಹೊಸದಕ್ಕೆ ಇನ್ನಷ್ಟು ಬೇಕು. ಕಾಲುಚೈನಿಗೆ ಅಕ್ಕ ಇಟ್ಟಿರುವ ಪುಡಿಗಾಸು ಏನಾದರೂ ಇದ್ದರೆ ಅದನ್ನೂ ಸೇರಿಸಲು ಹೇಳಿ. ಇಲ್ಲದಿದ್ದರೆ ಒಳ್ಳೇ ಸೆಕೆಂಡ್ ಹ್ಯಾಂಡ್ ತೆಗೆದು ಟೈರು, ಬ್ರೇಕ್ ಕಟ್ಟೆ ಹೊಸದು ಹಾಕಿಸಿ. ನಾಚಿಕೆಪಡುವಂಥದ್ದೇನಿಲ್ಲ. ವಾಚಿನ ಆಸೆ ಉಳಿದರೆ ಮುಳ್ಳಿನ ವಾಚು ಕೊಡಿಸಿ. ಸ್ಮಾರ್ಟ್ ವಾಚನ್ನು ಪರೀಕ್ಷೆ ಹಾಲಿನ ಬಾಗಿಲಲ್ಲೇ ಬಿಚ್ಚಿಸುತ್ತಾರೆ.

ಸೈಕಲ್ ಬರೀ ಸ್ಕೂಲಿಗೇ ಅಂತ ಕಟ್ಟು ಮಾಡಬೇಡಿ ಅಂತ ಅಕ್ಕನಿಗೂ ಹೇಳಿ. ನಿಮ್ಮ ತಾಲ್ಲೂಕಿನಲ್ಲೇ ಕಗ್ಗಲಡು ಇದೆ. ಬೇಸಿಗೆಯಲ್ಲಿ ಊರೊಳಗಿನ ಹುಣಸೆಮರದ ತುಂಬ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ. ಹತ್ತಿರವಿದ್ದರೆ ಒಂದು ಭಾನುವಾರ ಗೆಳತಿಯರ ಜೊತೆ ಹೋಗಿಬರಲಿ.

ಇನ್ನೊಂದು ಮಾತು. ಶಿರಾ ಪಕ್ಕ ಅಂದಿರಿ. ದಾರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 48 ದಾಟಬೇಕಾ? ಹಾಗಿದ್ದರೆ ಅಂಡರ್‌ಪಾಸ್ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಡಿವೈಡರ್ ಸಂದಿಯಲ್ಲಿ ಸೈಕಲ್ ನುಗ್ಗಿಸುವ ಅಭ್ಯಾಸ ಬೀಳಬಾರದು. ಶಾಲೆ ಶುರುವಾದಾಗ ಪೀಣ್ಯದಲ್ಲಿ ಎರಡು ದಿನ ರಜೆ ಕೇಳಿ, ನೀವೇ ಇನ್ನೊಂದು ಸೈಕಲ್ ತೆಗೆದುಕೊಂಡು ಅವಳ ಹಿಂದೆ ಹೋಗಿಬನ್ನಿ.