ಓದುಗರ ಪ್ರಶ್ನೆ: ಆಮಿಷವಿಟ್ಟು ಕಪ್ಪು ಕರಡಿಯ ಬೇಟೆ

ಪ್ರಶ್ನೆ: ಅಮೆರಿಕದ ಮೈನ್ ರಾಜ್ಯದಲ್ಲಿ ಹಲವು ವರ್ಷಗಳಿಂದ ನೆಲೆಸಿದ್ದೇನೆ. ಜಿಂಕೆ ಬೇಟೆಯಾಡಿ ಅನುಭವವಿದೆ. ಈ ಸಲ ಗೈಡ್‌ ನೆರವಿಲ್ಲದೆ, ನಾನೇ ಆಮಿಷವಿಟ್ಟು ಕಪ್ಪು ಕರಡಿಗಾಗಿ ಮರಸು ಕೂರಬೇಕೆಂದಿದ್ದೇನೆ. ಯಾವುದರ ಕಡೆಗೆ ಹೆಚ್ಚು ಗಮನ ಕೊಡಬೇಕು?

ಉತ್ತರ: ಗೈಡ್‌ಗೆ ಕೊಡುವ ಹಣಕ್ಕೆ ಪ್ರತಿಯಾಗಿ ಸಿಗುವುದು ಜಾಗ, ಆಮಿಷ ಹೊರುವ ದುಡಿಮೆ, ಬಂದ ಕರಡಿ ಎಂಥದ್ದೆಂದು ಗುರುತಿಸುವ ಕಣ್ಣು ಮತ್ತು ಈಡಿನ ನಂತರದ ನೆರವು. ಮೊದಲ ಎರಡನ್ನು ಮೈಮುರಿದು ದುಡಿದು ಗಳಿಸಬಹುದು. ಕೊನೆಯ ಎರಡನ್ನು ಕಾಡಿಗೆ ಹೋಗುವ ಮೊದಲೇ ಕಲಿತಿರಬೇಕಾದುದರಿಂದ ಅವುಗಳ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಕಾನೂನಿನ ಮಾತನ್ನು ಮೊದಲು ಮುಗಿಸೋಣ. ಮೈನ್‌ನಲ್ಲಿ ಕರಡಿ ಬೇಟೆ ಆಗಸ್ಟ್‌ನ ಕೊನೆಯ ಸೋಮವಾರ ಆರಂಭವಾಗುತ್ತದೆ. ಆಮಿಷದ ಮೇಲೆ ಬೇಟೆಯಾಡಲು ಅಲ್ಲಿಂದ ಸುಮಾರು ನಾಲ್ಕು ವಾರ ಮಾತ್ರ ಅವಕಾಶ. ಬೇಟೆಯ ಲೈಸೆನ್ಸಿನ ಜೊತೆಗೆ ಕರಡಿಗೆಂದೇ ಪ್ರತ್ಯೇಕ ಪರ್ಮಿಟ್ ಬೇಕು. ಜಮೀನಿನ ಒಡೆಯರ ಒಪ್ಪಿಗೆ ಇರಬೇಕು, ಆಮಿಷದ ಜಾಗದಲ್ಲಿ ನಿಮ್ಮ ಹೆಸರು ಮತ್ತು ವಿಳಾಸದ ಚೀಟಿ ಇರಬೇಕು, ವಾಹನ ಓಡಾಡುವ ದಾರಿಯಿಂದ ಜಾಗವು ಕನಿಷ್ಠ 50 ಗಜ ದೂರವಿರಬೇಕು. ಭಾನುವಾರ ಬೇಟೆ ನಿಷಿದ್ಧ. ನಿಯಮಗಳು ಬದಲಾಗುವುದುಂಟು, ಆಯಾ ವರ್ಷದ ನಿಯಮಾವಳಿಯನ್ನು ಪೂರ್ತಿ ಓದಿಯೇ ಹೊರಡಿ.

ಆಮಿಷಕ್ಕೆ ಸಾಮಾನ್ಯವಾಗಿ ಬೇಕರಿಯಲ್ಲಿ ಉಳಿದ ಬ್ರೆಡ್ಡು ಮತ್ತು ಡೋನಟ್, ಕಾಕಂಬಿ ಬೆರೆಸಿದ ಓಟ್ಸ್, ಕರಿದು ಮಿಕ್ಕ ಎಣ್ಣೆಯನ್ನು ಬಳಸುತ್ತಾರೆ. ಚಾಕೊಲೇಟ್ ಮಾತ್ರ ಬೇಡವೇ ಬೇಡ. ನೆರೆಯ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2014ರಲ್ಲಿ ಆಮಿಷದ ಒಂದೇ ಜಾಗದಲ್ಲಿ ಎರಡು ಹೆಣ್ಣು ಕರಡಿಗಳೂ ಎರಡು ಮರಿಗಳೂ ಸತ್ತುಬಿದ್ದಿದ್ದವು. ಕಾರಣ ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್. ಇನ್ನು, ಆಮಿಷವನ್ನು ದಿನವೂ ಒಂದೇ ಹೊತ್ತಿಗೆ ಹಾಕಿ ಹೊರಟುಬಿಡುವುದು ಒಳ್ಳೆಯದು. ನಿಮ್ಮ ಬರಹೋಗುವಿಕೆ ಕರಡಿಗೂ ರೂಢಿಯಾಗುತ್ತದೆ. ಕಾಡಿನ ಬೀಚ್ (beech) ಮರಗಳ ಕಾಯಿ ಕರಡಿಗೆ ಮೇವು. ಆ ಮರಗಳು ಭರ್ತಿ ಕಾಯಿ ಬಿಟ್ಟ ವರ್ಷ ಕರಡಿಗಳು ನಿಮ್ಮ ಬ್ರೆಡ್ಡಿನ ಕಡೆ ಅಷ್ಟಾಗಿ ಸುಳಿಯುವುದಿಲ್ಲ, ಅದಕ್ಕೆ ಯಾವ ಪರಿಮಳದ ಎಣ್ಣೆಯೂ ಮದ್ದಲ್ಲ.

ಅಟ್ಟಣೆ ಕಟ್ಟುವಾಗ ಗಾಳಿಯೇ ಮುಖ್ಯ. ಸಂಜೆ ಕರಡಿ ಬರಬಹುದಾದ ದಟ್ಟ ಪೊದೆಯ ಕಡೆಗೆ ನಿಮ್ಮ ಮೈವಾಸನೆ ಹೋಗುವಂತಿದ್ದರೆ ಆ ದಿನ ಕೂರದಿರುವುದೇ ಲೇಸು. ಬಿಲ್ಲಾದರೆ 15ರಿಂದ 20 ಗಜ ದೂರ ಸಾಕು. ಆಮಿಷ ತುಂಬಿದ ಪೀಪಾಯಿಯನ್ನು ಮರಕ್ಕೆ ಸರಪಳಿಯಿಂದ ಬಿಗಿದು, ಅದರ ತೂತು ಅಟ್ಟಣೆಗೆ ಅಡ್ಡಲಾಗಿರುವಂತೆ ತಿರುಗಿಸಿಡಿ. ತಿನ್ನಲು ನಿಂತ ಕರಡಿಯ ಪಕ್ಕೆ ಆಗ ನಿಮ್ಮ ಕಡೆಗಿರುತ್ತದೆ.

ಅದೇ ಪೀಪಾಯಿ ನಿಮ್ಮ ಅಳತೆಗೋಲೂ ಹೌದು. ನೆಟ್ಟಗೆ ನಿಲ್ಲಿಸಿದ 55 ಗ್ಯಾಲನ್ ಪೀಪಾಯಿ ಸುಮಾರು 35 ಅಂಗುಲ ಎತ್ತರವಿರುತ್ತದೆ. ನಾಲ್ಕು ಕಾಲಿನ ಮೇಲೆ ನಿಂತ ಕರಡಿಯ ಬೆನ್ನು ಅದರ ಅಂಚಿಗೆ ಬಂದರೆ ಅದು ಬಲಿತ ದೊಡ್ಡ ಪ್ರಾಣಿ. ಬೆನ್ನು ಪೀಪಾಯಿಯ ನಡುವಿಗೆ ಬಂದರೆ ಎಳೆಯದು, ಅದರ ಪಾಡಿಗೆ ಬಿಡಿ. ಎಳೆಯ ಕರಡಿಯ ಕಿವಿಗಳು ತಲೆಗೆ ಹೋಲಿಸಿದರೆ ದೊಡ್ಡದಾಗಿ, ಒಂದಕ್ಕೊಂದು ಹತ್ತಿರವಾಗಿ, ನೆಟ್ಟಗಿರುತ್ತವೆ. ಬಲಿತ ಗಂಡಿನಲ್ಲಿ ಅವು ಅಗಲವಾದ ತಲೆಯ ಎರಡು ಬದಿಗೆ ಸರಿದು ಚಿಕ್ಕದಾಗಿ ಕಾಣುತ್ತವೆ. ಬೆಳಕಿರುವಾಗಲೇ ಧೈರ್ಯವಾಗಿ ಬರುವುದು ಬಹುಮಟ್ಟಿಗೆ ಎಳೆಯ ಕರಡಿಗಳು, ಹಳೆಯ ಗಂಡು ಕೊನೆಯ ಬೆಳಕಿನವರೆಗೆ ಪೊದೆಯಂಚಿನಲ್ಲೇ ನಿಲ್ಲುತ್ತದೆ. ಜನವರಿಯ ಸುಮಾರಿಗೆ ಹುಟ್ಟಿದ ಮರಿಗಳಿಗೆ ಆಗಸ್ಟ್ ಕೊನೆಯಲ್ಲಿ ಏಳೆಂಟು ತಿಂಗಳು. ಅವು ಇನ್ನೂ ತಾಯಿಯ ಬೆನ್ನುಬಿಡದ ವಯಸ್ಸಿನವು. ಆದ್ದರಿಂದ ಮಧ್ಯಮ ಗಾತ್ರದ ಒಂಟಿ ಕರಡಿ ಕಂಡೊಡನೆ ಕೋವಿ ಎತ್ತದೆ, ಹಿಂದಿನ ಪೊದೆಯನ್ನೂ ಅಕ್ಕಪಕ್ಕದ ಮರಗಳ ಬುಡವನ್ನೂ ಸಾಕಷ್ಟು ಹೊತ್ತು ನೋಡುತ್ತಿರಬೇಕು.

ಈಡು ಪಕ್ಕೆಗೇ ಬೀಳಬೇಕು, ನಿಮ್ಮ ಕಡೆಯ ಮುಂಗಾಲು ಮುಂದಕ್ಕೆ ಚಾಚಿದ್ದಾಗ, ಎರಡೂ ಶ್ವಾಸಕೋಶಗಳನ್ನು ಹಾಯ್ದು ಹೋಗುವಂತೆ. ಎದುರಿಗೆ ಮುಖ ಮಾಡಿದ ಕರಡಿಗೆ ಹೊಡೆಯಬೇಡಿ. ಜಿಂಕೆಯ ಅನುಭವ ಇಲ್ಲಿ ಪೂರ್ತಿ ಕೆಲಸಕ್ಕೆ ಬಾರದು: ಕರಡಿಯ ಕೊಬ್ಬು ಗಾಯವನ್ನು ಮುಚ್ಚಿಬಿಡುತ್ತದೆ, ದಟ್ಟ ಕೂದಲು ರಕ್ತವನ್ನು ಹೀರಿಕೊಳ್ಳುತ್ತದೆ, ನೆಲದ ಮೇಲೆ ಜಾಡೇ ಸಿಗದೆ ಹೋಗಬಹುದು. ಕತ್ತಲಲ್ಲಿ ಗಾಯಗೊಂಡ ಕರಡಿಯನ್ನು ಒಬ್ಬರೇ ಅರಸಿ ಹೋಗುವುದು ಸಲ್ಲದು. ಕರೆದರೆ ಬರುವ ಒಬ್ಬ ಗೆಳೆಯರನ್ನಾದರೂ ಮೊದಲೇ ಗೊತ್ತುಮಾಡಿಕೊಂಡಿರಿ.

ಆಗಸ್ಟ್‌ನ ಬಿಸಿಗೆ ಮಾಂಸ ಬೇಗ ಕೆಡುತ್ತದೆ. ಕೊಬ್ಬು ಮತ್ತು ತುಪ್ಪಳ ಮೈಶಾಖವನ್ನು ಒಳಗೇ ಹಿಡಿದಿಡುವುದರಿಂದ ತಡಮಾಡದೆ ಚರ್ಮ ಸುಲಿದು ಮಾಂಸವನ್ನು ಐಸಿನಲ್ಲಿಡಬೇಕು. ಬೇಯಿಸುವಾಗ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆಯೆಂದು ಥರ್ಮಾಮೀಟರಿನಲ್ಲೇ ನೋಡಿ ಖಚಿತಪಡಿಸಿಕೊಳ್ಳಿ. ಕರಡಿಯ ಮಾಂಸದಲ್ಲಿರಬಹುದಾದ ಟ್ರೈಕಿನೆಲ್ಲಾ ಹುಳುವಿನ ಕೆಲವು ಜಾತಿಗಳು ಫ್ರೀಜರಿಗೂ ಜಗ್ಗುವುದಿಲ್ಲ. 2022ರಲ್ಲಿ ಸೌತ್ ಡಕೋಟಾದಲ್ಲಿ ಸೇರಿದ್ದ ಒಂದು ಕುಟುಂಬದವರು, 45 ದಿನ ಫ್ರೀಜರಿನಲ್ಲಿದ್ದ ಕರಡಿ ಮಾಂಸದ ಕಬಾಬ್ ತಿಂದು ಕಾಯಿಲೆ ಬಿದ್ದರು. ಮಾಂಸ ಮುಟ್ಟದೆ, ಅದರೊಂದಿಗೆ ಬೆಂದ ತರಕಾರಿ ಮಾತ್ರ ತಿಂದ ಇಬ್ಬರಿಗೂ ಸೋಂಕು ತಗುಲಿತ್ತು.

ಪ್ರಶ್ನೆ: ಅನ್ನವಿಟ್ಟು ಕರೆದು ಕೊಲ್ಲುವುದು ಬೇಟೆಯೇ? ಇದನ್ನು ಕಾನೂನು ಹೇಗೆ ಒಪ್ಪುತ್ತದೆ?

ಉತ್ತರ: ನಿಮ್ಮ ಪ್ರಶ್ನೆಯನ್ನು ಅಮೆರಿಕದ ಮತದಾರರೂ ಕೇಳಿಕೊಂಡಿದ್ದಾರೆ. ಕೊಲೊರಾಡೊ 1992ರಲ್ಲಿ, ಆರೆಗಾನ್ 1994ರಲ್ಲಿ, ವಾಷಿಂಗ್ಟನ್ 1996ರಲ್ಲಿ ಜನಮತದ ಮೂಲಕವೇ ಕರಡಿಗೆ ಆಮಿಷವಿಡುವುದನ್ನು ನಿಷೇಧಿಸಿದವು. ಮೈನ್‌ನ ಮತದಾರರು 2004ರಲ್ಲೂ 2014ರಲ್ಲೂ ಅಂಥ ನಿಷೇಧವನ್ನು ತಿರಸ್ಕರಿಸಿದರು. ಮೈನ್‌ನ ದಟ್ಟ ಕಾಡಿನಲ್ಲಿ ಕೆಲವೇ ಹೆಜ್ಜೆಗಳಾಚೆ ಏನೂ ಕಾಣದು. ಅಲ್ಲಿ ನಡೆದು ಬೇಟೆಯಾಡುವವನಿಗೆ ಕರಡಿ ಕಂಡರೂ ಕ್ಷಣಮಾತ್ರ, ಅದು ಗಂಡೋ ಮರಿಯ ತಾಯಿಯೋ ಎಂದು ತಿಳಿಯುವ ಮೊದಲೇ ಮರೆಯಾಗುತ್ತದೆ. ಆಮಿಷದ ಮುಂದೆ ನಿಂತ ಕರಡಿಯನ್ನು ನಿಮಿಷಗಟ್ಟಲೆ ನೋಡಿ, ಬೇಡವೆಂದು ಬಿಟ್ಟುಬಿಡಲು ಸಾಧ್ಯವಿದೆ. ನನ್ನ ಮಟ್ಟಿಗೆ ಈ ಪದ್ಧತಿಗಿರುವ ಸಮರ್ಥನೆ ಇದೊಂದೇ. ಮೊದಲು ಬಂದ ಕರಡಿಗೇ ಗುಂಡು ಹಾರಿಸುವವರ ಪರವಾಗಿ ವಾದಿಸಲು ನನ್ನಿಂದಾಗದು, ಲೈಸೆನ್ಸು ಅವರ ಬಳಿಯೂ ಇರಬಹುದು.