ದರ್ಬಾರು ಮತ್ತು ಘಟ್ಟದ ದಾರಿ: ಒಂದು ಕಾದಂಬರಿಯ ಕರಡಿಗೆ ಉತ್ತರ

ನಮಸ್ಕಾರ.

ನಿಮ್ಮ ಕಾದಂಬರಿಯ ಕರಡನ್ನು ಪೂರ್ತಿ ಓದಿದ್ದೇವೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಎರಡು ಸಾಲು ಬರೆದು ವಾಪಸು ಕಳಿಸುವಂಥ ಕರಡೂ ಇದಲ್ಲ. ಕಾಡು ನಿಮಗೆ ಗೊತ್ತಿದೆ, ಅಧಿಕಾರದ ಆಸೆ ಮನುಷ್ಯನನ್ನು ಏನು ಮಾಡುತ್ತದೆ ಎಂಬುದೂ ಗೊತ್ತಿದೆ. ಎರಡನ್ನೂ ಹೆಣೆಯುವುದು ಬಾಕಿ ಇದೆ.

ನೀವು ಬರೆದಿರುವ ಕತೆ ಇಷ್ಟು. ಮೂಡುಮಲೆ ಎಂಬ ರಾಜ್ಯ, ನಮ್ಮ ಮಲೆನಾಡಿನಂಥದೇ ಸೀಮೆ. ಅರಸ ಹಾಸಿಗೆ ಹಿಡಿದಿದ್ದಾನೆ, ದಳವಾಯಿಗೆ ಪಟ್ಟದ ಮೇಲೆ ಕಣ್ಣು. ಘಟ್ಟದ ಕೆಳಗಿನ ಗವಿಯಲ್ಲಿರುವ ದೈವದ ಕಠಾರಿ ತಂದವರಿಗೇ ಪಟ್ಟ ಎಂಬ ನಂಬಿಕೆ. ಅರಸನ ತಮ್ಮನ ಮಗಳು ಅದನ್ನು ತರಲು ಹೊರಡುತ್ತಾಳೆ. ಮೂವತ್ತಾರು ಅಧ್ಯಾಯಗಳಲ್ಲಿ ಒಂದು ಅರಮನೆಯಾದರೆ ಮುಂದಿನದು ಕಾಡು, ಕೊನೆಯವರೆಗೂ ಹೀಗೇ.

ಕಾಡಿನ ಹದಿನೆಂಟು ಅಧ್ಯಾಯಗಳನ್ನು ಕಿತ್ತುಹಾಕಿ ನೋಡಿ. ಅರಮನೆಯ ಕತೆ ಎಲ್ಲೂ ಕುಂಟುವುದಿಲ್ಲ. ಅರಮನೆಯದನ್ನು ಕಿತ್ತರೆ ಕಾಡಿನ ಕತೆಗೂ ಏನೂ ಆಗುವುದಿಲ್ಲ. ಅಂದರೆ ಇಲ್ಲಿರುವುದು ಒಂದೇ ರಟ್ಟಿನೊಳಗೆ ಎರಡು ಪುಸ್ತಕ. ರಾಜಕೀಯವನ್ನೂ ಸಾಹಸಯಾತ್ರೆಯನ್ನೂ ಒಟ್ಟಿಗೆ ಹಿಡಿಯಲು ಹೊರಟವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ನಾಯಕಿ ನಡೆಯುವ ಒಂದೊಂದು ದಾರಿಯೂ ಅರಮನೆಯಲ್ಲಿ ಯಾರದೋ ನಿದ್ದೆ ಕೆಡಿಸಬೇಕು. ಅರಮನೆಯಲ್ಲಿ ಬೀಳುವ ಒಂದೊಂದು ಮುದ್ರೆಯೂ ಅವಳ ದಾರಿಯಲ್ಲಿ ಒಂದು ಬಾಗಿಲು ತೆಗೆಯಬೇಕು, ಇಲ್ಲವೇ ಮುಚ್ಚಬೇಕು.

ಇದಕ್ಕೆ ಮಾದರಿ ನಮ್ಮ ಶಿವಮೊಗ್ಗ ಜಿಲ್ಲೆಯ ಚರಿತ್ರೆಯಲ್ಲೇ ಇದೆ. 1763ರಲ್ಲಿ ಹೈದರಾಲಿ ಬಿದನೂರನ್ನು, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರವನ್ನು, ಹಿಡಿದ ಪ್ರಸಂಗ ನೋಡಿ. ಸುತ್ತ ದಟ್ಟ ಕಾಡು, ಕಾವಲಿನ ದಾರಿಗಳು, ಒಳಗೆ ರಾಣಿ ವೀರಮ್ಮಾಜಿ. ಗುಟ್ಟಿನ ದಾರಿ ತೋರಿಸಿದವನು ಹಿಂದೆ ಅದೇ ಸಂಸ್ಥಾನದ ಮಂತ್ರಿಯಾಗಿದ್ದು ಆಮೇಲೆ ಸೆರೆಗೆ ಬಿದ್ದಿದ್ದ ಲಿಂಗಣ್ಣ ಎಂದು ಚರಿತ್ರಕಾರರು ಬರೆಯುತ್ತಾರೆ. ಹೈದರನ ಜೊತೆಗೆ, ಸತ್ತನೆಂದು ಎಲ್ಲರೂ ನಂಬಿದ್ದ, ಹಿಂದಿನ ಅರಸನ ದತ್ತುಪುತ್ರ ತಾನೇ ಎನ್ನುವ ಒಬ್ಬ ತರುಣನೂ ಇದ್ದ. ಕಾಡಿನ ಒಂದು ಕಾಲುದಾರಿ, ಅಧಿಕಾರ ಕಳೆದುಕೊಂಡವನ ಸಿಟ್ಟು, ಪಟ್ಟದ ಹಕ್ಕಿನ ಜಗಳ, ಮೂರೂ ಒಂದೇ ಗಂಟಿನಲ್ಲಿವೆ. ನಿಮ್ಮ ಕರಡಿನಲ್ಲಿ ಗವಿಯ ದಾರಿ ತೋರಿಸುವವನು ಯಾರೋ ಒಬ್ಬ ಮುದುಕ ಸನ್ಯಾಸಿ. ಅವನಿಗೆ ಬೇಕಾದದ್ದು ಏನೂ ಇಲ್ಲ, ಕಳೆದುಕೊಳ್ಳುವುದೂ ಏನೂ ಇಲ್ಲ. ಅವನ ಜಾಗಕ್ಕೆ ದಳವಾಯಿ ಕೆಲಸದಿಂದ ತೆಗೆದ ಶಾನುಭೋಗನನ್ನು ತನ್ನಿ. ದಾರಿ ತೋರಿಸಿದ್ದಕ್ಕೆ ಅವನು ಏನು ಕೇಳುತ್ತಾನೆ ಎಂಬಲ್ಲೇ ನಿಮ್ಮ ಮೂರು ಅಧ್ಯಾಯ ಹುಟ್ಟುತ್ತದೆ.

ಇನ್ನೊಂದು ಉದಾಹರಣೆ ಕೆಳದಿಯ ಚೆನ್ನಮ್ಮನದು. ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೋಗುವಾಗ ಅವಳು ಆಶ್ರಯ ಕೊಟ್ಟಳು, ಔರಂಗಜೇಬನ ಸೈನ್ಯ ಅವಳ ಮೇಲೇ ಬಂತು. ಓಡುವವನಿಗೆ ಅದು ಸಾಹಸದ ದಾರಿ, ಬಾಗಿಲು ತೆಗೆದವಳಿಗೆ ರಾಜ್ಯದ ಅಳಿವು ಉಳಿವಿನ ಪ್ರಶ್ನೆ. ನಿಮ್ಮ ನಾಯಕಿಗೆ ದಾರಿಯಲ್ಲಿ ಆರು ಮನೆಗಳಲ್ಲಿ ಊಟ, ಹಾಸಿಗೆ ಸಿಗುತ್ತದೆ. ಅವಳು ಹೋದ ಮೇಲೆ ಆ ಮನೆಗಳಿಗೆ ಏನಾಯಿತು ಎಂದು ಒಂದು ಸಾಲೂ ಇಲ್ಲ.

ಈಗ ಮಳೆಯ ವಿಷಯ. ಎಂಟನೇ ಅಧ್ಯಾಯದಲ್ಲಿ ಅವಳು ಪುಷ್ಯ ಮಳೆಯಲ್ಲಿ ಕುದುರೆ ಏರಿ ಒಂದೇ ರಾತ್ರಿಗೆ ಘಟ್ಟ ಇಳಿಯುತ್ತಾಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂಥ ಸೀಮೆಯನ್ನು ಕಲ್ಪಿಸಿಕೊಂಡ ಮೇಲೆ ಅಲ್ಲಿನ ಕಷ್ಟವನ್ನೂ ಒಪ್ಪಿಕೊಳ್ಳಬೇಕು. ಜಾರುವ ಕಲ್ಲಿನ ಮೇಲೆ ಕುದುರೆ ಕಾಲು ಮುರಿದುಕೊಳ್ಳುತ್ತದೆ. ಅವಳನ್ನು ಕೆಳಗಿಳಿಸಿ, ಕಂಬಳಿಕೊಪ್ಪೆ ಹಾಕಿಸಿ, ನಡೆಸಿ. ದಿನಕ್ಕೆ ಹನ್ನೆರಡು ಕಿಲೋಮೀಟರ್ ನಡೆದರೆ ದೊಡ್ಡದು. ಇಂಬಳ (ಜಿಗಣೆ) ಹತ್ತದಿರಲೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಳ್ಳಲಿ. ಬೆಂಕಿ ಹತ್ತುವುದಿಲ್ಲ, ಬಿಲ್ಲಿನ ಹೆದೆ ನೆನೆದು ಸಡಿಲಾಗುತ್ತದೆ, ಮದ್ದು ಒದ್ದೆಯಾದ ಕೋವಿ ಬರೀ ದೊಣ್ಣೆ. ಹಳ್ಳ ದಾಟಲು ಇರುವುದು ಒಂದು ಕಾಲುಸಂಕ. ದಳವಾಯಿಯ ಆಳು ಅದನ್ನು ಕಡಿದು ಹಾಕಿದರೆ ಸಾಕು, ನಿಮ್ಮ ಹದಿನಾರನೇ ಅಧ್ಯಾಯದ ಐದು ಹೆಡೆಯ ಸರ್ಪ ಬೇಕಾಗುವುದೇ ಇಲ್ಲ. ಸಂಕ ಕಡಿಯುವುದು ಏಕಕಾಲಕ್ಕೆ ರಾಜಕೀಯವೂ ಹೌದು, ಗಂಡಾಂತರವೂ ಹೌದು.

ಸುದ್ದಿಯೂ ನಡೆದೇ ಬರಬೇಕು. ಹದಿನಾಲ್ಕನೆಯದರಲ್ಲಿ ಅವಳಿಗೆ ಕಠಾರಿ ಸಿಗುತ್ತದೆ, ಹದಿನೈದನೆಯದರಲ್ಲಿ ಅದೇ ಸಂಜೆ ದಳವಾಯಿಗೆ ಗೊತ್ತಾಗುತ್ತದೆ. ನಡುವೆ ನಾಲ್ಕು ದಿನದ ದಾರಿಯಿದೆ. ಆ ನಾಲ್ಕು ದಿನಗಳನ್ನು ಕೈಬಿಟ್ಟಿದ್ದು ಕರಡಿನ ದೊಡ್ಡ ನಷ್ಟ. ಅವಳು ಹೊಳೆಪಾಲಾದಳೆಂದು ದಳವಾಯಿ ಡಂಗುರ ಹೊಡೆಸಬಹುದು. ಅರಸನ ಕೈಯಿಂದ ದತ್ತು ಪತ್ರಕ್ಕೆ ಮುದ್ರೆ ಒತ್ತಿಸಿಕೊಳ್ಳಬಹುದು. ಅವಳು ವಾಪಸು ಬಂದಾಗ ಕಠಾರಿ ಕೈಯಲ್ಲಿದ್ದರೂ ಕಾಗದದ ಪ್ರಕಾರ ಅವಳು ಸತ್ತವಳು.

ಇದನ್ನು ಸರಿಪಡಿಸಲು ಒಂದು ಉದ್ದ ಹಾಳೆಯಲ್ಲಿ ಮೂರು ಕಾಲಂ ಹಾಕಿ. ಎಡಕ್ಕೆ ನಾಯಕಿ ಇರುವ ಜಾಗ, ಬಲಕ್ಕೆ ಅರಮನೆಯಲ್ಲಿ ಆಗುತ್ತಿರುವುದು, ನಡುವೆ ಇನ್ನೂ ದಾರಿಯಲ್ಲಿರುವ ಸುದ್ದಿ. ತಾರೀಖಿನ ಬದಲು ಮಳೆ ನಕ್ಷತ್ರ ಹಾಕಿ. ಜೂನ್ ಮೂರನೇ ವಾರದ ಕೊನೆಗೆ ಆರಿದ್ರಾ ಹುಟ್ಟುತ್ತದೆ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಒಂದೊಂದಕ್ಕೆ ಹೆಚ್ಚುಕಡಿಮೆ ಹದಿನಾಲ್ಕು ದಿನ. ಆರಿದ್ರಾದಲ್ಲಿ ಹೊರಡಿಸಿ, ದಸರಾ ದರ್ಬಾರಿಗೆ ಮುಗಿಸಿ. ಮಳೆ ನಿಂತು ದಸರಾ ಕಳೆಯದೆ ದಂಡು ಹೊರಡುವುದಿಲ್ಲ, ಹಾಗಾಗಿ ದಳವಾಯಿಗೂ ಅದೇ ಗಡುವು. ಈಗ ಕರಡಿನಲ್ಲಿ ಇಬ್ಬರಿಗೂ ಅವಸರವಿಲ್ಲ.

ರೊಕ್ಕದ ಮಾತು ಎಲ್ಲೂ ಇಲ್ಲದ್ದು ನಮಗೆ ಬಹಳ ಕೊರತೆಯೆನಿಸಿತು. ಕೆಳದಿಯ ಅರಸ ಶಿವಪ್ಪನಾಯಕನನ್ನು ಈ ಸೀಮೆ ಇವತ್ತಿಗೂ ನೆನೆಯುವುದು ಯುದ್ಧಕ್ಕಿಂತ ಹೆಚ್ಚಾಗಿ ಅವನ ಶಿಸ್ತಿಗೆ, ಅಂದರೆ ಭೂಮಿಯ ಗುಣ ನೋಡಿ ಕಂದಾಯ ಗೊತ್ತುಮಾಡಿದ್ದಕ್ಕೆ. ಮೂಡುಮಲೆಯ ಬೊಕ್ಕಸ ಹೇಗೆ ತುಂಬುತ್ತದೆ? ಮೆಣಸು ಘಟ್ಟ ಇಳಿಯುತ್ತದೆ, ಉಪ್ಪು ಹತ್ತುತ್ತದೆ ಎಂದುಕೊಳ್ಳಿ. ಒಂದು ಹೇರೆತ್ತಿಗೆ ಸುಮಾರು ನೂರು ಕಿಲೋ ಹಿಡಿದರೆ ಇನ್ನೂರು ಎತ್ತಿನ ಸಾಲಿಗೆ ಇಪ್ಪತ್ತು ಟನ್ ಮೆಣಸು, ಅಷ್ಟಕ್ಕೂ ಸುಂಕದಕಟ್ಟೆಯಲ್ಲಿ ಸುಂಕ. ಮಳೆಗಾಲದಲ್ಲಿ ಹೇರು ಓಡುವುದಿಲ್ಲ, ಕಟ್ಟೆಯ ಕಾವಲಿನವರಿಗೆ ಸಂಬಳವಿಲ್ಲ. ಹೊಟ್ಟೆ ಹಸಿದ ಕಾವಲುಗಾರರನ್ನು ದಳವಾಯಿಯೂ ಕೊಳ್ಳಬಹುದು, ನಾಯಕಿಯೂ ಕೊಳ್ಳಬಹುದು. ಅವಳು ಏನು ಕೊಟ್ಟು ಕೊಳ್ಳುತ್ತಾಳೆ? ಪಟ್ಟಕ್ಕೆ ಬಂದ ಮೇಲೆ ಸುಂಕ ಇಳಿಸುತ್ತೇನೆಂಬ ಮಾತೇ? ಹಾಗಾದರೆ ಬೊಕ್ಕಸ ಬರಿದಾಗುತ್ತದೆ, ಮೂರನೇ ಭಾಗದಲ್ಲಿ ಅದರ ಲೆಕ್ಕ ಬರಬೇಕು.

ಕಠಾರಿಯ ಮಹಿಮೆಯನ್ನೂ ಬದಲಿಸಿ. ಈಗ ಅದು ಯುದ್ಧದಲ್ಲಿ ಬೆಂಕಿ ಉಗುಳುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ, ರಾಜಕೀಯವೂ ಅಲ್ಲಿಗೆ ಮುಗಿಯುತ್ತದೆ. ಸಾಗರದ ಕಡೆ ತೋಟಗಳಲ್ಲಿ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬ ಬೋರ್ಡು ನೋಡಿರುತ್ತೀರಿ. ಬೇಲಿಗಿಂತ ಆ ಬೋರ್ಡಿಗೆ ಜನ ಹೆದರುತ್ತಾರೆ, ಅಲ್ಲಿ ದೈವ ಕಾಯಿದೆಯ ಕೆಲಸ ಮಾಡುತ್ತದೆ. ನಿಮ್ಮ ಕಠಾರಿಗೂ ಅಂಥದೊಂದು ಕಟ್ಟಳೆ ಇರಲಿ: ಹಿಡಿದವರು ಸುಳ್ಳು ಹೇಳುವಂತಿಲ್ಲ. ಆಗ ಅದು ಅವಳಿಗೂ ಅಪಾಯ, ಯಾಕೆಂದರೆ ಸುಂಕದ ವಿಷಯದಲ್ಲಿ ಇಬ್ಬರಿಗೆ ಎರಡು ಮಾತು ಕೊಟ್ಟು ಬಂದಿದ್ದಾಳೆ.

ಕೊನೆಯದಾಗಿ ಹನ್ನೊಂದನೇ ಅಧ್ಯಾಯದ ದರ್ಬಾರು. ಹದಿನಾಲ್ಕು ಪುಟ, ಎಲ್ಲರೂ ಮನಸ್ಸಿನಲ್ಲಿದ್ದದ್ದನ್ನೇ ಹೇಳುತ್ತಾರೆ. ‘ನನಗೆ ಸಿಂಹಾಸನ ಬೇಕು, ನಿನ್ನನ್ನು ಬಿಡುವುದಿಲ್ಲ’ ಎಂದು ದಳವಾಯಿ ಕೂಗುತ್ತಾನೆ. ಒಳ್ಳೆಯ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ. ಸಂಧಾನದ ಪ್ರಸಂಗದಲ್ಲಿ ಅರ್ಥಧಾರಿಗಳು ಒಬ್ಬರನ್ನೊಬ್ಬರು ಹೊಗಳುತ್ತಲೇ ಕಟ್ಟಿಹಾಕುತ್ತಾರೆ. ನಿಮ್ಮ ದಳವಾಯಿ ಹೀಗೆ ಹೇಳಲಿ: ‘ಅಮ್ಮಣ್ಣಿ ಘಟ್ಟ ಇಳಿಯುವುದು ರಾಜ್ಯದ ಭಾಗ್ಯ. ಮಳೆಯಲ್ಲಿ ಒಬ್ಬರೇ ಬೇಡ, ನಮ್ಮ ಹನ್ನೆರಡು ಜನ ಜೊತೆಗಿರಲಿ.’ ಬೇಡವೆಂದರೆ ಅರಸನ ಎದುರು ಅಪನಂಬಿಕೆ ತೋರಿಸಿದಂತೆ, ಹೂಂ ಎಂದರೆ ಹನ್ನೆರಡು ಗೂಢಚಾರರು ಬೆನ್ನಿಗೆ. ಒಂದೂವರೆ ಪುಟಕ್ಕೆ ಆ ಅಧ್ಯಾಯ ಮುಗಿಯುತ್ತದೆ, ಮುಂದಿನ ಹತ್ತು ಅಧ್ಯಾಯಗಳಿಗೆ ಹನ್ನೆರಡು ಪಾತ್ರಗಳೂ ಸಿಗುತ್ತವೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಡಿನ ಭಾಗದ ಕನ್ನಡ ಚೆನ್ನಾಗಿದೆ, ಅರಮನೆಯದು ಪೌರಾಣಿಕ ನಾಟಕದ್ದು. ಮೊದಲಿನದನ್ನೇ ಎರಡಕ್ಕೂ ಬಳಸಿ.

ಇಡೀ ಕಾದಂಬರಿ ತಿದ್ದಿ ಕಳಿಸಬೇಡಿ. ಮೊದಲು ಮೂರು ಕಾಲಂನ ಹಾಳೆ, ದಾರಿಗಳೂ ಸುಂಕದಕಟ್ಟೆಗಳೂ ಇರುವ ಒಂದು ಕೈನಕ್ಷೆ, ಹೊಸದಾಗಿ ಬರೆದ ಹನ್ನೊಂದನೇ ಅಧ್ಯಾಯ, ಇಷ್ಟು ಕಳಿಸಿ. ಆ ಹಾಳೆಯ ನಡುವಿನ ಕಾಲಂ ಖಾಲಿ ಬಿಟ್ಟಿರಬಾರದು. ನಾವು ಮೊದಲು ನೋಡುವುದು ಅದನ್ನೇ.