ಓಟಿಸ್ ರೆಡಿಂಗ್ ಟಿವಿಯಲ್ಲಿ ಹಾಡಿದ್ದನ್ನು ಸೇರಿಸಿ ಮನೆಯಲ್ಲೇ ಒಂದು ಆಲ್ಬಂ ಮಾಡಿಕೊಳ್ಳುವುದು ಹೇಗೆ?

ನೀವು ಮೂರು ವಿಷಯ ಕೇಳಿದ್ದೀರಿ. 60ರ ದಶಕದ ಅಮೆರಿಕದ ಸೋಲ್ ಗಾಯಕ ಓಟಿಸ್ ರೆಡಿಂಗ್ ಟಿವಿಯಲ್ಲಿ ನೇರವಾಗಿ ಹಾಡಿದ್ದರಲ್ಲಿ ಯಾವುದನ್ನು ಸೇರಿಸಬೇಕು, ಒಂದೇ ಹಾಡು ಎರಡು ಸಲ ಬಂದರೆ ಒಂದನ್ನು ಬಿಡಬೇಕೇ, ಹಳೇ ಶಬ್ದವನ್ನು ಎಷ್ಟು ಶುದ್ಧ ಮಾಡಬೇಕು ಅಂತ. ನನ್ನ ಹತ್ತಿರ ಇಂಥದ್ದೊಂದು ಆಲ್ಬಂ ಇದೆ. ನಾನೇ ಜೋಡಿಸಿಕೊಂಡಿದ್ದು, ಈಗಲೂ ಕೇಳುತ್ತಿರುತ್ತೇನೆ. ಹಾಗಾಗಿ ಧೈರ್ಯವಾಗಿ ಉತ್ತರಿಸುತ್ತೇನೆ.

ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದರ ಉತ್ತರದ ಮೇಲೆ ಉಳಿದದ್ದೆಲ್ಲ ನಿಂತಿದೆ. ಎರಡು ಸಲ ಬಂದ ಹಾಡನ್ನು ದಯವಿಟ್ಟು ಬಿಡಬೇಡಿ. ಒಬ್ಬರೇ ವಿದ್ವಾಂಸರು ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಯಲ್ಲಿ ಈ ವರ್ಷ ಹಾಡಿದ ಕೃತಿಯನ್ನೇ ಮುಂದಿನ ವರ್ಷವೂ ಹಾಡಿದರೆ, ಹೋದ ವರ್ಷವೇ ಕೇಳಿದ್ದೇನೆ ಅಂತ ನಾವು ಎದ್ದು ಬರುವುದಿಲ್ಲ ಅಲ್ವಾ? ಓಟಿಸ್ ಕೂಡ ಹಾಗೆಯೇ. ರೆಕಾರ್ಡಿನಲ್ಲಿರುವ ಹಾಡು ಅವರಿಗೆ ಬರೀ ಆರಂಭ. ಹಿಟ್ ಹಾಡುಗಳ ಸಂಗ್ರಹ ಅಂಗಡಿಯಲ್ಲೇ ಸಿಗುತ್ತದೆ. ಅದೇ ಹಾಡು ಒಂದು ಊರಿನಲ್ಲಿ ಹೇಗಾಯಿತು, ಇನ್ನೊಂದು ಊರಿನಲ್ಲಿ ಹೇಗಾಯಿತು ಎಂದು ಕೇಳುವುದಕ್ಕೆ ತಾನೇ ನಾವು ಇಷ್ಟು ಕಷ್ಟಪಡುವುದು?

ನನ್ನ ಆಲ್ಬಂ ನಿಂತಿರುವುದು ಎರಡು ರಾತ್ರಿಗಳ ಮೇಲೆ. ಮೊದಲನೆಯದು 1966ರ ಸೆಪ್ಟೆಂಬರ್ 16, ಲಂಡನ್. ಬ್ರಿಟನ್ನಿನ ಐಟಿವಿ ವಾಹಿನಿಯ ಸಂಗೀತ ಕಾರ್ಯಕ್ರಮ 'ರೆಡಿ ಸ್ಟೆಡಿ ಗೋ!' ಅವತ್ತಿನ ಇಡೀ ಕಾರ್ಯಕ್ರಮವನ್ನು ಓಟಿಸ್‌ಗೇ ಕೊಟ್ಟಿತ್ತು. ಅತಿಥಿಗಳಾಗಿ ಬಂದವರು ಇಂಗ್ಲೆಂಡಿನ ಗಾಯಕರಾದ ಎರಿಕ್ ಬರ್ಡನ್ ಮತ್ತು ಕ್ರಿಸ್ ಫಾರ್ಲೋ. 'ಸ್ಯಾಟಿಸ್ಫ್ಯಾಕ್ಷನ್', 'ಮೈ ಗರ್ಲ್', 'ರೆಸ್ಪೆಕ್ಟ್' ಹಾಡಿ, ಕೊನೆಗೆ ಮೂವರೂ ಸೇರಿ 'ಶೇಕ್' ಹಾಡುತ್ತಾರೆ. ಎರಡನೆಯದು 1967ರ ಏಪ್ರಿಲ್ 7, ಓಸ್ಲೋ. ಮೆಂಫಿಸ್‌ನ ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿಯ ಹಲವು ಕಲಾವಿದರು ಒಟ್ಟಾಗಿ ಯುರೋಪ್ ಪ್ರವಾಸ ಹೊರಟಿದ್ದರು. ಅಲ್ಲಿನ ಕಛೇರಿಯನ್ನು ನಾರ್ವೆಯ ಟಿವಿ ಚಿತ್ರೀಕರಿಸಿತು. ಹಿಂದೆ ನುಡಿಸಿದವರು ಸ್ಟ್ಯಾಕ್ಸ್‌ನದೇ ವಾದ್ಯತಂಡ ಬುಕರ್ ಟಿ ಅಂಡ್ ದಿ ಎಂಜೀಸ್, ಜೊತೆಗೆ ತುತ್ತೂರಿ, ಸ್ಯಾಕ್ಸೋಫೋನ್ ಊದುವ ಮಾರ್-ಕೀಸ್. ಅಂದರೆ ಮೆಂಫಿಸ್‌ನ ಸ್ಟುಡಿಯೊದಲ್ಲಿ ಓಟಿಸ್ ರೆಕಾರ್ಡುಗಳಿಗೆ ನುಡಿಸಿದ ಕೈಗಳೇ ಇಲ್ಲಿ ವೇದಿಕೆ ಮೇಲೆ ಇವೆ.

ಈಗ ನೋಡಿ, 'ಸ್ಯಾಟಿಸ್ಫ್ಯಾಕ್ಷನ್', 'ಮೈ ಗರ್ಲ್', 'ಶೇಕ್' ಮೂರೂ ಎರಡೂ ಕಡೆ ಇವೆ. ಈ ಜೋಡಿಗಳೇ ಆಲ್ಬಂನ ಜೀವ. 'ಸ್ಯಾಟಿಸ್ಫ್ಯಾಕ್ಷನ್' ಮೂಲತಃ ರೋಲಿಂಗ್ ಸ್ಟೋನ್ಸ್ ಹಾಡು. ಅವರು ಗಿಟಾರಿನಲ್ಲಿ ನುಡಿಸಿದ್ದನ್ನು ಓಟಿಸ್ ತುತ್ತೂರಿ, ಸ್ಯಾಕ್ಸೋಫೋನುಗಳಿಗೆ ಕೊಟ್ಟರು. ಲಂಡನ್ನಿನಲ್ಲಿ ಅದು ಸ್ಟುಡಿಯೊದೊಳಗೆ ಕುಣಿಯುವ ಹುಡುಗ ಹುಡುಗಿಯರ ನಡುವೆ ಬರುತ್ತದೆ. ಓಸ್ಲೋದಲ್ಲಿ ಸಭಾಂಗಣ, ಕೂತು ಕೇಳುವ ಜನ. ಅವರನ್ನು ಎಬ್ಬಿಸಲೇಬೇಕು ಅನ್ನುವ ಹಟ ಧ್ವನಿಯಲ್ಲಿ ನನಗೆ ಕೇಳಿಸುತ್ತದೆ. ಸಾಹಿತ್ಯ ಎಲ್ಲೋ ಬಿಟ್ಟುಹೋಗಿ ಬರೀ ಲಯದ ಚೂರುಗಳು ಬಾಯಿಂದ ಬರುತ್ತವೆ. ಅಲ್ ಜಾಕ್ಸನ್ ಅವರ ಡ್ರಮ್ಸ್ ಒಂದಿಷ್ಟೂ ಅಲುಗಾಡದೆ ನಿಂತಿರುವುದರಿಂದಲೇ ಓಟಿಸ್‌ಗೆ ಅಷ್ಟು ಸ್ವಾತಂತ್ರ್ಯ. ಎರಡನ್ನೂ ಬೆನ್ನಿಗೆ ಬೆನ್ನು ಇಟ್ಟು ಕೇಳಿ. ಆಮೇಲೆ ಒಂದನ್ನು ಬಿಡುವ ಮನಸ್ಸು ನಿಮಗೇ ಬರುವುದಿಲ್ಲ.

ಇನ್ನು ಯಾವುದನ್ನು ಸೇರಿಸಬೇಕು ಎನ್ನುವ ಪ್ರಶ್ನೆ. ಇಲ್ಲಿ ತುಂಬ ಹುಷಾರಾಗಿರಬೇಕು. 60ರ ದಶಕದ ಟಿವಿಯಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ರೆಕಾರ್ಡ್ ಹಾಕಿ ಬಾಯಿ ಆಡಿಸುವುದು ಮಾಮೂಲಿ. ಅಲ್ಲಿನ 'ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್' ಕಾರ್ಯಕ್ರಮ ನಡೆದದ್ದೇ ಹಾಗೆ. 'ರೆಡಿ ಸ್ಟೆಡಿ ಗೋ!' ಕೂಡ ಮೊದಲು ಹಾಗೆಯೇ ಇತ್ತು, 1965ರಲ್ಲಿ ನಿಜವಾಗಿ ಹಾಡಿಸಲು ಶುರು ಮಾಡಿತು. ಯಾರೋ 'ಲೈವ್' ಎಂದು ಬರೆದು ಹಾಕಿದ್ದಾರೆ ಅಂತ ನಂಬಬೇಡಿ. ಪರೀಕ್ಷೆ ಸುಲಭ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಸ್ಟುಡಿಯೊ ರೆಕಾರ್ಡನ್ನೂ ಟಿವಿ ಧ್ವನಿಯನ್ನೂ ಒಂದರ ಕೆಳಗೊಂದು ಇಡಿ. ಮೊದಲ ಸಾಲು ಕೂಡಿಸಿ ಕೇಳಿ. ಎರಡನೇ ಚರಣದಲ್ಲೂ ಪ್ರತಿ ಪದ, ಪ್ರತಿ ಉಸಿರು ಒಟ್ಟಿಗೇ ಬಿದ್ದರೆ ಅದು ರೆಕಾರ್ಡೇ. ಹಳೇ ಟೇಪಿನ ವೇಗ ಸ್ವಲ್ಪ ಆಚೀಚೆ ಆಗಿದ್ದರೆ ನಿಧಾನಕ್ಕೆ ಜಾರುತ್ತಾ ಹೋಗುತ್ತದೆ, ಆದರೂ ಉಸಿರಿನ ಜಾಗ ಬದಲಾಗುವುದಿಲ್ಲ. ನೇರವಾಗಿ ಹಾಡುವ ಓಟಿಸ್ ಯಾವತ್ತೂ ಎರಡು ಸಲ ಒಂದೇ ಕಡೆ ಉಸಿರು ತೆಗೆದುಕೊಳ್ಳುವವರಲ್ಲ.

ಕೆಲವೊಮ್ಮೆ ಪರೀಕ್ಷೆಯೇ ಬೇಕಾಗುವುದಿಲ್ಲ. 1967ರ ಡಿಸೆಂಬರ್ 9ರಂದು ಓಟಿಸ್ ಅಮೆರಿಕದ ಕ್ಲೀವ್‌ಲ್ಯಾಂಡಿನ 'ಅಪ್‌ಬೀಟ್' ಟಿವಿ ಕಾರ್ಯಕ್ರಮದಲ್ಲಿದ್ದರು. ಅಲ್ಲಿ ಗಾಯಕ ಮಿಚ್ ರೈಡರ್ ಜೊತೆ 'ನಾಕ್ ಆನ್ ವುಡ್' ಹಾಡಿದರು. ಈ ಇಬ್ಬರು ಕೂಡಿ ಹಾಡಿದ ರೆಕಾರ್ಡೇ ಇಲ್ಲ, ಹಾಗಾಗಿ ಕೇಳುವ ಧ್ವನಿ ಆ ಹೊತ್ತಿನದೇ. ಮಾರನೇ ದಿನ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಬಳಿ ಅವರಿದ್ದ ವಿಮಾನ ಮೊನೋನಾ ಸರೋವರಕ್ಕೆ ಬಿದ್ದು ತೀರಿಕೊಂಡರು. ಓಟಿಸ್‌ಗೆ ಆಗ ಬರೀ 26 ವರ್ಷ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆದರೆ ಸಾವಿನ ಹಿಂದಿನ ದಿನದ್ದು ಎನ್ನುವ ಒಂದೇ ಕಾರಣಕ್ಕೆ ಅವತ್ತಿನ ಎಲ್ಲವನ್ನೂ ಸೇರಿಸಬೇಡಿ. ನಾನು ಈ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತೋತ್ಸವದ್ದು, 1967ರ ಜೂನ್ 17ರ ಹಾಡುಗಳು, ಬೇಡ ಎನ್ನುತ್ತೇನೆ. ಟಿವಿಗಾಗಿ ಎಂದು ಚಿತ್ರೀಕರಣ ಶುರುವಾದರೂ ಅದು ಕೊನೆಗೆ ಸಿನಿಮಾ ಆಯಿತು. ಆ ಧ್ವನಿ 1970ರಲ್ಲೇ ಅಧಿಕೃತ ಎಲ್‌ಪಿಯಾಗಿ ಬಂದಿದೆ, ಕೊಂಡುಕೊಳ್ಳಬಹುದು. ಬೇಕೇ ಬೇಕು ಅಂದರೆ ವೇಗ ನೋಡಿಕೊಳ್ಳಿ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು ಪ್ಯಾಲ್ (ಯುರೋಪ್, ಭಾರತದ ಟಿವಿ ಪದ್ಧತಿ) ಡಿವಿಡಿಗೆ ಹಾಕುವಾಗ ಸಾಮಾನ್ಯವಾಗಿ 25ರಲ್ಲಿ ಓಡಿಸುತ್ತಾರೆ. ಆಗ ಶ್ರುತಿಯೂ ಅರ್ಧ ಮನೆಯ ಹತ್ತಿರ ಏರಿಬಿಡುತ್ತದೆ.

ಶಬ್ದದ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಮೊದಲು ಒಳ್ಳೆಯ ಮೂಲ ಹುಡುಕಿ. ಓಸ್ಲೋ ಕಛೇರಿಯ ಡಿವಿಡಿ 2007ರಲ್ಲಿ ಅಧಿಕೃತವಾಗಿ ಬಂದಿದೆ. ಯಾರೋ ಅದನ್ನು ಹಿಂಡಿ ಹಿಪ್ಪೆ ಮಾಡಿ ಹಾಕಿದ ವಿಡಿಯೊದಿಂದ ತೆಗೆಯುವುದಕ್ಕಿಂತ ಅದನ್ನೇ ಕೊಳ್ಳುವುದು ವಾಸಿ. ಮೂಲ ಮೋನೋ, ಅಂದರೆ ಎಡ ಬಲ ಎರಡಕ್ಕೂ ಒಂದೇ ಧ್ವನಿ. ಎಡ, ಬಲ ಎರಡೂ ಒಂದೇ ಥರ ಇಲ್ಲದಿದ್ದರೆ ಚೆನ್ನಾಗಿರುವ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಗುಂಯ್ ಎನ್ನುವ ಕರೆಂಟಿನ ಸದ್ದು ಇಂಗ್ಲೆಂಡ್, ನಾರ್ವೆಯ ಟೇಪಿನಲ್ಲಿ 50 ಹರ್ಟ್ಸ್ ಮತ್ತು ಅದರ ಎರಡು, ಮೂರು ಪಟ್ಟಿನಲ್ಲಿ, ಅಮೆರಿಕದ್ದರಲ್ಲಿ 60 ಮತ್ತು ಅದರ ಪಟ್ಟಿನಲ್ಲಿ ಇರುತ್ತದೆ. ಅಷ್ಟನ್ನೇ ಸಣ್ಣದಾಗಿ ಕತ್ತರಿಸಿ. ಹಳೇ ಟಿವಿಯ ಸೀಟಿಯೂ ಇರಬಹುದು. ಬ್ರಿಟನ್ನಿನ 405 ಗೆರೆಯ ಪದ್ಧತಿಯಲ್ಲಿ ಅದು 10,125 ಹರ್ಟ್ಸ್, 625 ಗೆರೆಯದ್ದರಲ್ಲಿ 15,625. ಸ್ಪೆಕ್ಟ್ರೋಗ್ರಾಂ (ಧ್ವನಿಯ ಕಂಪನಗಳನ್ನು ತೋರಿಸುವ ಚಿತ್ರ) ತೆರೆದರೆ ನೇರವಾದ ಗೆರೆಯಾಗಿ ಕಾಣುತ್ತದೆ.

ಆದರೆ ಹಿಸ್, ಅಂದರೆ ಟೇಪಿನ ಸುಸ್ಸೆನ್ನುವ ಶಬ್ದವನ್ನು ಮುಟ್ಟಬೇಡಿ. ಹಿಸ್ ತೆಗೆಯಲು ಹೋದರೆ ತುತ್ತೂರಿಯ ಹೊಳಪೂ ಓಟಿಸ್ ಗಂಟಲಿನ ಒರಟುತನವೂ ಜೊತೆಗೇ ಹೋಗುತ್ತವೆ. ಆಮೇಲೆ ನೀರಿನೊಳಗಿಂದ ಕೇಳಿದ ಹಾಗಿರುತ್ತದೆ. ಜನರ ಕೂಗು, ನಿರೂಪಕರ ಮಾತು ಯಾವುದನ್ನೂ ಕತ್ತರಿಸಬೇಡಿ. ಓಸ್ಲೋದ 'ಟ್ರೈ ಎ ಲಿಟ್ಲ್ ಟೆಂಡರ್‌ನೆಸ್' ಕೊನೆಯಲ್ಲಿ ಆ ಕೂಗೇ ಹಾಡಿನ ಅರ್ಧ. ಉಳಿಸುವಾಗ ಫ್ಲ್ಯಾಕ್ ಇರಲಿ, ಗುಣಮಟ್ಟ ಕಳೆಯದೆ ಉಳಿಸುವ ಫೈಲ್ ಅದು. ಎಂಪಿ3ಯಿಂದ ಬಂದದ್ದು ಫ್ಲ್ಯಾಕ್ ಆದರೆ ಉತ್ತಮವಾಗುವುದಿಲ್ಲ ನಿಜ, ಆದರೆ ಮತ್ತೆ ಕೆಡುವುದಿಲ್ಲ.

ಸ್ನೇಹಿತರಿಗೆ ಹಂಚಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ಒಂದಷ್ಟು ಅವಕಾಶ ಕೊಡುತ್ತದೆ. ಇಂಟರ್ನೆಟ್ಟಿಗೆ ಏರಿಸುವುದು, ಮಾರುವುದು ಅದರೊಳಗೆ ಬರುವುದಿಲ್ಲ. ಓಟಿಸ್ ಪತ್ನಿ ಝೆಲ್ಮಾ ರೆಡಿಂಗ್ ಜಾರ್ಜಿಯಾದ ಮೇಕನ್‌ನಲ್ಲಿ ಅವರ ಹೆಸರಿನ ಪ್ರತಿಷ್ಠಾನ ಕಟ್ಟಿ ಮಕ್ಕಳಿಗೆ ಸಂಗೀತ ಕಲಿಸುವ ಕೆಲಸಕ್ಕೆ ನಿಂತವರು. ಅಧಿಕೃತವಾಗಿ ಸಿಗುವುದನ್ನು ದುಡ್ಡು ಕೊಟ್ಟೇ ಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕ್ರಮ ಹೇಗೆ ಅಂದರೆ, ನಾನು ದಿನಾಂಕದ ಪ್ರಕಾರವೇ ಇಟ್ಟಿದ್ದೇನೆ: ಲಂಡನ್, ಓಸ್ಲೋ, ಕ್ಲೀವ್‌ಲ್ಯಾಂಡ್. ಜೋಡಿಗಳನ್ನು ಒಟ್ಟಿಗೆ ಕೇಳಲು ಬೇರೆ ಪ್ಲೇಲಿಸ್ಟ್ ಮಾಡಿಕೊಂಡರೆ ಸಾಕು. ಪ್ರತಿ ಹಾಡಿನ ಜೊತೆ ಊರು, ದಿನಾಂಕ, ಕಾರ್ಯಕ್ರಮ ಬರೆಯಿರಿ. ನುಡಿಸಿದವರ ಹೆಸರನ್ನೂ ಮರೆಯಬೇಡಿ. ಓಸ್ಲೋಗೆ ಇವರು: ಆರ್ಗನ್ ಬುಕರ್ ಟಿ ಜೋನ್ಸ್, ಗಿಟಾರ್ ಸ್ಟೀವ್ ಕ್ರಾಪರ್, ಬೇಸ್ ಡಕ್ ಡನ್, ಡ್ರಮ್ಸ್ ಅಲ್ ಜಾಕ್ಸನ್, ಟ್ರಂಪೆಟ್ ವೇಯ್ನ್ ಜಾಕ್ಸನ್, ಸ್ಯಾಕ್ಸೋಫೋನ್ ಆಂಡ್ರ್ಯೂ ಲವ್ ಮತ್ತು ಜೋ ಆರ್ನಾಲ್ಡ್.